ಪಂಪಿನಣ್ಣನ ಎರಡು ಪೈಪು

ಮೊನ್ನೆ ಅಂಗಡಿಗೆ ಬಂದ ತಗಡಿನ ಟ್ರಂಕಿನ ಮುಚ್ಚಳ ಎತ್ತಿದೆ. ಮುಖಕ್ಕೆ ಹಚ್ಚುವ ಪೌಡರು, ಹಳೇ ರಬ್ಬರು... ಎರಡೂ ಬೆರೆತ ವಾಸನೆ. ಇಷ್ಟು ವರ್ಷ ಗುಜರಿ ವಾಸನೆಯಲ್ಲೇ ಬದುಕಿದ ಮೂಗು ನನ್ನದು. ಆದರೂ ಕೈ ಹಾಗೇ ನಿಂತಿತು. ಟ್ರಂಕು ತಂದ ಅತ್ತಿಗೆ, ಪಂಪಿನಣ್ಣನ ಹೆಂಡತಿ, ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ನರಸಿಂಹರಾಜಪುರದಲ್ಲಿ ನನ್ನ ಗುಜರಿ ಅಂಗಡಿಗೆ ತಾಗಿಕೊಂಡೇ ಪಂಪಿನಣ್ಣನ ಪಂಪ್‌ಸೆಟ್ ರಿಪೇರಿ ಶೆಡ್ಡು ಇತ್ತು. ಹರೆಯದಲ್ಲಿ ಅವರು ಬಂದರಿನಲ್ಲಿ ನೀರಿಗಿಳಿದು ಹಡಗಿನ ಅಡಿ ಕೆಲಸ ಮಾಡಿದವರು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಕೊಪ್ಪದಲ್ಲಿ ಕೆಡವುತ್ತಿದ್ದ ಮನೆಯೊಂದರ ಸಾಮಾನನ್ನು ಸಗಟಾಗಿ ಹಿಡಿದಿದ್ದೆ. ಸಗಟು ಹಿಡಿಯುವಾಗ ಮೂಲೆಯ ಪೆಟ್ಟಿಗೆ ಮೊದಲು ನೋಡಿ, ಲಾಭ ಅಲ್ಲೇ ಅಡಗಿರುತ್ತದೆ. ನನಗೆ ಸಿಕ್ಕಿದ್ದು ತಟ್ಟೆಯಷ್ಟಗಲದ ಹಿತ್ತಾಳೆ ಡಬ್ಬಿ. ಅದರ ಎರಡೂ ಬದಿಯಿಂದ ಸುಕ್ಕುಸುಕ್ಕಿನ ರಬ್ಬರ್ ಪೈಪುಗಳು ಹೊರಟು, ಬಾಯಲ್ಲಿ ಕಚ್ಚುವ ತುಂಡಿಗೆ ಸೇರುತ್ತಿದ್ದವು. ಏನೆಂದು ಗೊತ್ತಾಗದ ಮಾಲಿಗೆ ಮೊದಲು ಹೊಳಪು ಕೊಡುವುದು ನಮ್ಮ ಕಸುಬಿನ ಪದ್ಧತಿ. ಟಯರಿರಲಿ, ತೋಟದ ಸ್ಪ್ರೇ ಪೈಪಿರಲಿ, ಕೊಬ್ಬರಿ ಎಣ್ಣೆ ಸವರಿದರೆ ಹೊಸತಾಗುತ್ತದೆ. ಇದಕ್ಕೂ ಸುಕ್ಕಿನೊಳಗೆಲ್ಲ ಬೆರಳಾಡಿಸಿ ಸವರಿ ಒರೆಸಿಟ್ಟೆ.

ಪಂಪಿನಣ್ಣ ನೋಡಿದವರೇ ಕೆಲಸ ಬಿಟ್ಟು ಎದ್ದು ಬಂದರು.

"ರೆಗ್ಯುಲೇಟರು ಮಾರಾಯ."

"ಇಷ್ಟು ದೊಡ್ಡದಾ? ಯಾವ ಹೋಟೆಲಿನ ಗ್ಯಾಸಿಗೆ?"

"ನಿನ್ನ ತಲೇಲಿ ತುಂಬಿರೋ ಗ್ಯಾಸಿಗೆ. ನೀರಡಿ ಉಸಿರಾಡೋದು ಇದು. ಒಂದು ಪೈಪಲ್ಲಿ ಗಾಳಿ ಬರುತ್ತೆ, ಇನ್ನೊಂದರಲ್ಲಿ ಹೋಗುತ್ತೆ. ಈಗ ಇಂಥದ್ದು ಮಾಡೋರೇ ಇಲ್ಲ."

ಚೌಕಾಸಿ ಮಾಡದೆ ಕೊಂಡರು. ಅದೇ ನನಗೆ ಸೋಜಿಗ. ಸಂಜೆ ಶೆಡ್ಡಿನಲ್ಲಿ ಅದನ್ನು ಬಿಚ್ಚಿ, ಹಿತ್ತಾಳೆಯನ್ನು ಹುಣಸೆ ನೀರಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಲ್ಲಿ ಕಿಲುಬು ತೆಗೆದರು. ಒಳಗಿನ ತೆಳು ರಬ್ಬರ್ ಪದರವನ್ನು ಹೊಸದಾಗಿ ಕತ್ತರಿಸಿ ಕೂರಿಸಿದರು. ನಾನು ಟಾರ್ಚು ಹಿಡಿದೆ. ಅವರು ಕಲಿಸಿದ್ದನ್ನು ಹೇಳುತ್ತೇನೆ, ಬೇಕಾದವರಿಗೆ ಆದೀತು: ಪೈಪನ್ನು ಬಕೆಟ್ಟಿನಲ್ಲಿ ಮುಳುಗಿಸಿ ಊದಿ, ಎಳೆದು, ಒಂದೊಂದು ಸುಕ್ಕನ್ನೂ ಬಿಡಿಸಿ ನೋಡಬೇಕು. ತೊಳೆಯಲು ಸೋಪು, ಎತ್ತಿಡಲು ಪೌಡರು.

"ಎಣ್ಣೆ ಮಾತ್ರ ಮುಟ್ಟಿಸಬಾರದು. ರಬ್ಬರು ಒಳಗಿಂದ ಕೊಳೆಯುತ್ತೆ" ಅಂದರು. ಆಮೇಲೆ ಪೈಪು ಬೆಳಕಿಗೆ ಹಿಡಿದು, "ಭಾರೀ ಹೊಳೀತಾ ಉಂಟು. ಎಂತಾದ್ರೂ ಹಚ್ಚಿದ್ಯಾ?"

"ಇಲ್ಲಣ್ಣ" ಅಂದೆ.

ಮಾರಿದ ಮಾಲು ವಾಪಸು ಬಂದೀತೆಂಬ ಒಂದೇ ಹೆದರಿಕೆ. ಒಂದು ಕೈ ಎಣ್ಣೆಗೆ ಏನಾದೀತು ಎಂಬ ಧೈರ್ಯ ಬೇರೆ.

ಮೊದಮೊದಲು ಊರಂಚಿನ ಡ್ಯಾಮಿನ ಹಿನ್ನೀರಿನಲ್ಲಿ ಎದೆಮಟ್ಟಕ್ಕೆ ಇಳಿದು ಕೂತು ಉಸಿರಾಡಿ ನೋಡಿದರು. ಎದ್ದಾಗ ಮುಖದ ತುಂಬ ನಗು. ಗಾಳಿಯ ಸಿಲಿಂಡರ್ ಮಂಗಳೂರಿಂದ ತುಂಬಿಸಿ ತರುತ್ತಿದ್ದರು. ಮುಂದಿನ ಬೇಸಗೆಯಲ್ಲಿ ಒಬ್ಬರ ಪಂಪ್‌ಸೆಟ್ಟು ತೆಪ್ಪದಿಂದ ಜಾರಿ ಹಿನ್ನೀರಿಗೆ ಬಿತ್ತು. ಅದನ್ನು ಎತ್ತುವ ಕೆಲಸ ಕುದುರಿಸಿದವನೂ ನಾನೇ.

ಎರಡಾಳು ಆಳ. ನಾನು ದಂಡೆಯಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಗುಳ್ಳೆಗಳು ಒಂದೇ ಲೆಕ್ಕದಲ್ಲಿ ಏಳುತ್ತಿದ್ದವು... ಒಮ್ಮೆಲೇ ರಾಶಿ ಬಂದು ನಿಂತುಬಿಟ್ಟವು. ಎಳೆದೆ. ಪಂಪಿಗೆ ಕಟ್ಟಲೆಂದು ಒಯ್ದ ಆ ಹಗ್ಗವೇ ಕಾಲಿಗೆ ಸುತ್ತಿಕೊಂಡು ಅವರಿಗೆ ತಾವಾಗಿ ಏಳಲಾಗಿರಲಿಲ್ಲ. ಮೇಲೆ ಬಂದಾಗ ಬಾಯಲ್ಲಿ ಕೆಂಪು ನೊರೆ. ಗಾಳಿ ತರುವ ಪೈಪು ಸುಕ್ಕಿನಲ್ಲಿ ಬಾಯಿಬಿಟ್ಟಿತ್ತು.

ಎದೆಗಿಳಿದ ಕೆಸರು ನೀರು ಜ್ವರವಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ. ನಾನು ಎರಡು ಸಲ ಬಾಗಿಲವರೆಗೆ ಹೋದೆ. ಕಿತ್ತಳೆ ಹಣ್ಣನ್ನು ನರ್ಸ್ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಹತ್ತನೆಯ ದಿನ ಪಂಪಿನಣ್ಣ ತೀರಿಕೊಂಡರು.

ಮೊನ್ನೆ ಬಂದ ಟ್ರಂಕಿನಲ್ಲಿ ಆ ಹಿತ್ತಾಳೆ ಡಬ್ಬಿಯ ಜೊತೆ ಆ ಪೈಪೂ ಇತ್ತು, ಪೌಡರು ಹಾಕಿ ಸುತ್ತಿಟ್ಟದ್ದು. ಒಡೆದ ಕಡೆ ಬೆರಳಿಗೆ ಇನ್ನೂ ಅಂಟುತ್ತಿತ್ತು.

"ಅತ್ತಿಗೆ, ಇದಕ್ಕೆ ಎಣ್ಣೆ ಹಚ್ಚಿದ್ದು ನಾನು" ಅಂದೆ.

ಅವರು ನನ್ನ ಕಡೆ ನೋಡಲಿಲ್ಲ.

"ಅವರಿಗೆ ಗೊತ್ತಾಗಿತ್ತು. ಆಸ್ಪತ್ರೇಲಿ ಬಾಗಿಲು ಸದ್ದಾದಾಗೆಲ್ಲ ತಲೆ ಎತ್ತಿ ನೋಡ್ತಿದ್ರು, ಅವನು ಬಂದ್ನಾ ಅಂತ... ಹಿತ್ತಾಳೆ ತೂಕ ಹಾಕು, ನನಗೆ ಬಸ್ಸಿಗೆ ಹೊತ್ತಾಯ್ತು."

ತೂಕ ಹಾಕಿದೆ. ಪೈಪನ್ನು ಕೊಡಿ ಅಂತ ಕೇಳಲು ಬಾಯಿ ಬರಲಿಲ್ಲ. ಅತ್ತಿಗೆ ಅದನ್ನು ಮಡಚಿ, ಕೈಚೀಲಕ್ಕೆ ಹಾಕಿಕೊಂಡು ಹೋದರು.