ಅಕ್ಕ ಕೂತು ಮುರಿದ ಹಾಡು

ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ಗಾಡಿ ಹೋಗಿಯಾಯಿತು, ಮೊದಲ ಬಸ್ಸು ಬಂದಿಲ್ಲ. ಇವೆರಡರ ನಡುವೆ ಸಿಗುವ ಒಂದಿಷ್ಟು ಹೊತ್ತೇ ತಟ್ಟೆಯಣ್ಣನ ಬಂಡವಾಳ. ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ಬರಿಗಾಲಲ್ಲಿ, ಕಳ್ಳ ಬೆಕ್ಕಿನ ಹಾಗೆ ಓಡಾಡುತ್ತಿದ್ದಾರೆ. ಮೇಜಿನ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಕಂಬಳಿಯ ಮೇಲೆ ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರ. ಈ ಕಂಬಳಿ ಸುಮ್ಮನೆ ಹಾಸಿದ್ದಲ್ಲ. ಬಸ್ಸು ತಿರುವಿನಲ್ಲಿ ಗೇರ್ ಬದಲಿಸಿದರೆ ಸಾಕು, ಗೋಡೆ ನಡುಗುತ್ತದೆ, ಗೋಡೆಗೆ ಒರಗಿದ ಮೇಜು ನಡುಗುತ್ತದೆ, ಮೇಜಿನ ಮೇಲೆ ತಿರುಗುವ ಹಾಡಿನ ಮುಳ್ಳು ಒಂದು ಗೆರೆ ಹಾರಿ ಇನ್ನೊಂದಕ್ಕೆ ಬೀಳುತ್ತದೆ.

"ಬಸ್ಸಿನವ್ರ ಮೇಲೆ ನಂಗೇನೂ ಸಿಟ್ಟಿಲ್ಲ. ಅವ್ರ ಕೆಲ್ಸ ಅವ್ರು ಮಾಡ್ತಾರೆ. ಅವ್ರು ಏಳೋಕ್ಕಿಂತ ಮುಂಚೆ ನಾನು ಎದ್ರಾಯ್ತು," ಎನ್ನುತ್ತಾ ಅವರು ತೊಟ್ಟಿಯ ಮುಂದೆ ನಿಲ್ಲುತ್ತಾರೆ.

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ತೊಳೆದು, ಅವುಗಳಲ್ಲಿರುವ ಹಾಡನ್ನು ಇಂದಿನ ಯಂತ್ರಗಳಿಗೆ ಇಳಿಸಿಕೊಡುವುದು ಅವರ ಬೆಳಗಿನ ಕೆಲಸ. ಹಗಲೆಲ್ಲ ಹೊಲಿಗೆ ಯಂತ್ರ. ಅದರಿಂದಲೇ ಹೊಟ್ಟೆಪಾಡು. ತಟ್ಟೆಯಿಂದ ಬಂದದ್ದು ಸೋಪಿಗೆ, ಬ್ರಷ್ಷಿಗೆ ಸರಿಹೋಗುತ್ತದೆ. 'ತಟ್ಟೆಯಣ್ಣ' ಎಂದು ಬೀದಿಯವರು ಇಟ್ಟ ಹೆಸರು ನಂಬಿ, ಊಟದ ತಟ್ಟೆ ಕೊಳ್ಳಲು ಬಂದ ಹೊಸಬರೂ ಉಂಟು. ಅವರನ್ನು ಕೂರಿಸಿ ಒಂದು ಹಾಡು ಕೇಳಿಸಿ ಕಳಿಸಿದ್ದೂ ಉಂಟು.

ತಣ್ಣೀರಿನಲ್ಲಿ ಒಂದೇ ತೊಟ್ಟು ಸೋಪು. ಎಳೆಗೂಸಿನ ತಲೆ ಬಾಚುವ ಮೆತ್ತನೆಯ ಬ್ರಷ್ಷು. ಗೆರೆಗಳು ಸುತ್ತಿದ ದಿಕ್ಕಿಗೇ ಕೈ ಸುತ್ತಬೇಕು, ಅಡ್ಡ ಉಜ್ಜಬಾರದು. ನಡುವಿನ ಕಾಗದದ ಚೀಟಿಗೆ ನೀರು ತಾಗದಂತೆ ಅದರ ಮೇಲೊಂದು ಸಣ್ಣ ಮುಚ್ಚಳ. ತೊಳೆದದ್ದನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಒಣಗಿಸಬೇಕು. ಬಾಗಿಲಲ್ಲಿ ಚಹಾ ಹಿಡಿದು ನಿಂತ ಹೆಂಡತಿ ಇದನ್ನೆಲ್ಲ ಎಷ್ಟು ವರ್ಷದಿಂದ ನೋಡುತ್ತಿದ್ದಾರೋ! "ನಮ್ಮ ಮಕ್ಳಿಗೆ ಒಂದು ದಿನಾನಾದ್ರೂ ಇಷ್ಟು ಜೋಪಾನವಾಗಿ ಸ್ನಾನ ಮಾಡ್ಸಿದ್ರಾ ಕೇಳಿ," ಎಂದು ನಗುತ್ತಾರೆ. ತಟ್ಟೆಯಣ್ಣ ಕೇಳಿಸದವರಂತೆ ಇನ್ನೊಂದು ತಟ್ಟೆ ಎತ್ತಿಕೊಳ್ಳುತ್ತಾರೆ.

ಈ ಜೋಪಾನ ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಹೊಸದರಲ್ಲಿ ಒಮ್ಮೆ ಹೊಲಿಗೆ ಯಂತ್ರದ ಜಿಡ್ಡು ಒರೆಸುವ ಸ್ಪಿರಿಟ್ಟಿನಲ್ಲೇ ಒಂದು ತಟ್ಟೆಯನ್ನೂ ಒರೆಸಿಬಿಟ್ಟರು. ಆ ಕಾಲದ ತಟ್ಟೆಗಳು ಅರಗಿನವು, ಸ್ಪಿರಿಟ್ಟು ತಾಗಿದರೆ ಅರಗು ಕರಗುತ್ತದೆ ಎನ್ನುವುದು ಗೊತ್ತಿರಲಿಲ್ಲ. "ಕೈಯಲ್ಲಿದ್ದ ಬಟ್ಟೆ ಕಪ್ಪಗಾಯ್ತು. ಅಬ್ಬಾ, ಎಷ್ಟು ಕೊಳೆ ಇತ್ತು ಅಂತ ಖುಷೀಲಿ ಇನ್ನೂ ಜೋರಾಗಿ ಉಜ್ಜಿದೆ! ಆಮೇಲೆ ಹಾಕಿ ನೋಡಿದ್ರೆ ಬರೀ ಗೊರಗೊರ. ಹಾಡೆಲ್ಲ ಬಟ್ಟೆಗೆ ಬಂದಿತ್ತು." ಆ ಬಟ್ಟೆಯನ್ನು ಅವರು ಇನ್ನೂ ಎಸೆದಿಲ್ಲ. ತೊಟ್ಟಿಯ ಮೇಲಿನ ಮೊಳೆಗೆ ನೇತುಹಾಕಿದ್ದಾರೆ.

ತಟ್ಟೆಯ ಹುಚ್ಚು ಹಿಡಿಸಿದ್ದು ಅಪ್ಪ. ದೊಡ್ಡ ಯುದ್ಧದ ಕಾಲದಲ್ಲಿ ಅವರು ಸೇನೆಯಲ್ಲಿದ್ದರು. ಹಾಗೆಂದು ಬಂದೂಕು ಹಿಡಿದವರಲ್ಲ, ಸೌಟು ಹಿಡಿದವರು. ಯುದ್ಧ ಮುಗಿಸಿ ಮನೆಗೆ ಬರುವಾಗ ಅವರು ತಂದದ್ದು ಒಂದು ಕಂಬಳಿ, ಒಂದು ಕೀಲಿ ಕೊಡುವ ಗ್ರಾಮಫೋನು, ಮತ್ತು ಪಾಳೆಯದಲ್ಲಿ ಸೈನಿಕರಿಗೆಂದು ಹಾಕುತ್ತಿದ್ದ ಹಾಡುಗಳ ಏಳೆಂಟು ತಟ್ಟೆ. ಅದರಲ್ಲೊಂದು ಹಳದಿ ಚೀಟಿಯದ್ದು. ಚೀಟಿಯ ಮೇಲೆ ಕೊಂಬು ಊದುವ ಹುಡುಗನ ಚಿತ್ರ, ಕೆಳಗೆ 'ಮರಳಿ ಬಾ' ಎನ್ನುವ ಎರಡೇ ಪದ. ಆ ತಟ್ಟೆ ಈ ಮನೆಯ ಮಕ್ಕಳು ಕಂಡಾಗಿನಿಂದಲೂ ಇಡಿಯಾಗಿರಲಿಲ್ಲ. ಅಂಚಿನಿಂದ ಒಳಕ್ಕೆ ಅರ್ಧಚಂದ್ರದ ಹಾಗೆ ಒಂದು ತುಂಡು ಹಾರಿಹೋಗಿತ್ತು.

ಹಾರಿಸಿದ್ದು ಅಕ್ಕ. ಇನ್ನೂ ತೆವಳುವ ಕೂಸಾಗಿದ್ದಾಗ, ಅಪ್ಪ ಗಂಟು ಬಿಚ್ಚಿದ ದಿನವೇ, ಮನೆಯಲ್ಲಿ ಯಾರೂ ಆ ಹಾಡು ಕೇಳುವ ಮೊದಲೇ, ನೆಲದ ಮೇಲಿಟ್ಟಿದ್ದ ತಟ್ಟೆಯ ಮೇಲೆ ಹೋಗಿ ಸುಖವಾಗಿ ಕೂತುಬಿಟ್ಟಿತಂತೆ. ತಟ್ಟೆಯಣ್ಣ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಆದರೂ ಕಣ್ಣಾರೆ ಕಂಡವರ ಹಾಗೆ ಆ ಕಥೆ ಹೇಳುತ್ತಾರೆ.

ಅಂಚು ಮುರಿದ ಮೇಲೆ ಆ ಹಾಡನ್ನು ಯಾರೂ ಮೊದಲಿನಿಂದ ಹಾಕುವಂತಿರಲಿಲ್ಲ. ಮುರಿದ ಜಾಗ ದಾಟಿಸಿ, ಸುಮಾರು ಮೂರನೇ ಒಂದು ಪಾಲು ಬಿಟ್ಟು ಮುಳ್ಳು ಇಡಬೇಕಿತ್ತು. ಹಾಗೆ ಇಟ್ಟರೆ ಒಬ್ಬ ಹೆಂಗಸಿನ ದನಿ ಎಲ್ಲಿಂದಲೋ ಎದ್ದು ಬರುತ್ತಿತ್ತು: 'ಮರಳಿ ಬಾ, ಮರಳಿ ಬಾ, ನಿನ್ನ ಜಾಗ ಹಾಗೇ ಇದೆ. ಯಾವ ಮಳೆಗೆ ನೆನೆಯುತಿರುವೆ, ಯಾವ ಬೆಟ್ಟ ಹತ್ತುತಿರುವೆ, ಹಸಿವೆಯಾದರೆ ಯಾರ ಕೇಳುವೆ?' ಯುದ್ಧಕ್ಕೆ ಹೋದ ಮಗನನ್ನು ತಾಯಿ ಕರೆಯುತ್ತಿದ್ದಾಳೆ ಎಂದು ಅಮ್ಮ ಹೇಳಿಕೊಟ್ಟರು. ಮಕ್ಕಳು ನಂಬಿದರು. ಅಪ್ಪನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಡು ಶುರುವಾದರೆ ಸಾಕು, ಅವರು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಹೆಗಲು ಕುಲುಕುವುದು ಮಾತ್ರ ಕಾಣುತ್ತಿತ್ತು. "ನಿಮ್ಮಪ್ಪಂಗೆ ಜೊತೆಯವ್ರೆಲ್ಲ ನೆನಪಾಗ್ತಾರೆ, ಸುಮ್ನಿರಿ," ಎಂದು ಅಮ್ಮ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು.

ಹೀಗೆ ಅದು ಮನೆಯ ಹಾಡಾಯಿತು. ಅಕ್ಕ ಮದುವೆಯಾಗಿ ಹೊರಟಾಗ ಅಮ್ಮ ಅದನ್ನೇ ಹಾಡಿ ಎಲ್ಲರನ್ನೂ ಅಳಿಸಿದರು. ಅಪ್ಪ ತೀರಿಕೊಂಡ ದಿನ ಅಂಗಳದಲ್ಲಿ ನಿಂತು ಅಕ್ಕ ಹಾಡಿದರು. ಅಳದವರು ಅಂದು ಯಾರೂ ಉಳಿಯಲಿಲ್ಲ.

ಅಕ್ಕನಿಗೆ ಮಾತ್ರ ಒಳಗೊಳಗೇ ಒಂದು ಕೊರಗು. ಹಾಡಿನ ಮೊದಲ ಭಾಗ ಹೋದದ್ದು ತನ್ನಿಂದ. ಕೂಸಾಗಿದ್ದಾಗ ಮಾಡಿದ್ದಕ್ಕೆ ಯಾರೂ ಬೈಯಲಿಲ್ಲ, ಅದಕ್ಕೇ ಏನೋ ಕೊರಗು ಇನ್ನೂ ಹೆಚ್ಚಾಯಿತು. ತಮ್ಮ ತಟ್ಟೆ ತೊಳೆಯುವ ಕೆಲಸಕ್ಕೆ ಇಳಿದ ದಿನವೇ ಅವರು ಹೇಳಿದ್ದರು: "ಎಲ್ಲಾದ್ರೂ ಇಡೀ ತಟ್ಟೆ ಸಿಕ್ರೆ ಮೊದಲು ನಂಗೆ ಕೇಳಿಸ್ಬೇಕು ಕಣೋ. ನಾನು ಮುರಿದಿದ್ದನ್ನ ನೀನು ಜೋಡಿಸಿಕೊಡು."

ಅಂದಿನಿಂದ ಹುಡುಕಾಟ. ಹಳೇ ಸಾಮಾನಿನ ಅಂಗಡಿ, ಖಾಲಿಯಾಗುವ ಮನೆ, ಮುಚ್ಚುವ ಹೋಟೆಲು, ಯಾವುದನ್ನೂ ಬಿಟ್ಟಿಲ್ಲ. ಅಪ್ಪನ ಗಂಟಿನಲ್ಲಿದ್ದ ಉಳಿದ ಹಾಡುಗಳೆಲ್ಲ ಒಂದೊಂದಾಗಿ ಬೇರೆಯವರ ಅಟ್ಟದಿಂದ ಚೊಕ್ಕವಾಗಿ ಸಿಕ್ಕವು. ಹಳದಿ ಚೀಟಿಯ ಹಾಡು ಮಾತ್ರ ಕೈಗೆ ಹತ್ತಲಿಲ್ಲ. ಈ ನಡುವೆ ಅಕ್ಕನಿಗೆ ವಯಸ್ಸಾಯಿತು. ಒಂದು ಕಿವಿ ಪೂರ್ತಿ ಹೋಯಿತು. ಇನ್ನೊಂದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಹೋದ ವರ್ಷ ಡಾಕ್ಟರು ಹೇಳಿದರು. ಅಲ್ಲಿಂದ ತಟ್ಟೆಯಣ್ಣನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

ಮೂರು ವಾರದ ಹಿಂದೆ, ಊರಾಚೆಯ ಹಳೇ ನಾಟಕಶಾಲೆಯ ಕಾವಲು ಕಾಯುವ ಹೆಂಗಸು ಒಂದು ಗೋಣಿಚೀಲ ಹೊತ್ತು ತಂದರು. ಕಟ್ಟಡ ಕೆಡವುತ್ತಾರಂತೆ, ಎಸೆಯಲು ಮನಸ್ಸು ಬರಲಿಲ್ಲವಂತೆ. ಚೀಲದ ತಳದಲ್ಲಿ, ತೇವಕ್ಕೆ ಒಂದಕ್ಕೊಂದು ಅಂಟಿದ ಎರಡು ತಟ್ಟೆಗಳು. ಬಿಡಿಸಿ ನೋಡಿದರೆ ಹಳದಿ ಚೀಟಿ, ಕೊಂಬು ಊದುವ ಹುಡುಗ. ಅಂಚು ಸುತ್ತ ಬೆರಳಾಡಿಸಿದರು. ಎಲ್ಲೂ ಮುರಿದಿರಲಿಲ್ಲ. "ಅಲ್ಲೇ ನೆಲದ ಮೇಲೆ ಕೂತೆ. ತಟ್ಟೆ ಮೇಲೆ ಕೂರ್ಲಿಲ್ಲ, ಅಷ್ಟೇ ಪುಣ್ಯ!"

ಮರುದಿನ ಹಾಲಿನ ಗಾಡಿ ಹೋದ ಮೇಲೆ ಮುಳ್ಳನ್ನು ಅಂಚಿನ ಮೇಲಿಟ್ಟರು. ಮೊದಲು ಅಪಸ್ವರದ ಕೊಂಬು. ಆಮೇಲೆ ಗಂಡಸರ ಗುಂಪಿನ ನಗು. ಆಮೇಲೆ ಅದೇ ಹೆಂಗಸು, ಆದರೆ ಬೇಕೆಂದೇ ಮೂಗಿನಲ್ಲಿ: 'ಸೌಟು ಬಿಸುಟು ಅಳುತಾನಮ್ಮ ನಮ್ಮ ಪಾಳೆಯದ ಅಡುಗೆಯವ, ಪಾತ್ರೆ ಸಮೇತ ಓಡಿತಮ್ಮ ಅವನ ಹೇಸರಗತ್ತೆ!' ಅಷ್ಟಾದ ಮೇಲೆ, ಅಡುಗೆಯವನ ಅಳುವನ್ನು ಅಣಕಿಸುತ್ತಾ, 'ಮರಳಿ ಬಾ, ಮರಳಿ ಬಾ...'

ತಟ್ಟೆಯಣ್ಣ ಬೆಪ್ಪಾಗಿ ನಿಂತರು. ಚಹಾ ತಂದ ಹೆಂಡತಿ, ಗಂಡನ ಮುಖ ನೋಡಿ ಎದೆನೋವೇ ಬಂತೇನೋ ಎಂದು ಹೆದರಿದರು. ಅಮ್ಮ ಮಗಳನ್ನು ಕಳಿಸುವಾಗ ಹಾಡಿದ್ದು, ಅಕ್ಕ ಅಪ್ಪನ ಹೆಣದ ಮುಂದೆ ಹಾಡಿದ್ದು, ಓಡಿಹೋದ ಕತ್ತೆಯ ಹಾಡು! ಇದನ್ನು ಅಕ್ಕನಿಗೆ ಹೇಗೆ ಕೇಳಿಸುವುದು? ಇರುವ ಒಂದು ಕಿವಿಯಲ್ಲಿ ಕೊನೆಗೆ ಕೇಳಬೇಕಾದ್ದು ಇದೇ?

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳು ಹೇಳಿದರೆ ಹೇಗಿರುತ್ತದೆ ನೋಡಿ. ತಟ್ಟೆ ಸಿಕ್ಕ ಸುದ್ದಿ ತಿಳಿದು ಅಕ್ಕ ಹೇಳಿಕಳಿಸಿದಾಗಲೆಲ್ಲ ಇವರದು ಒಂದೇ ಉತ್ತರ, "ತೊಳೆದಿದೀನಿ, ಇನ್ನೂ ಒಣಗಿಲ್ಲ." ಮೂರನೆಯ ವಾರ ಅಕ್ಕ ಖುದ್ದಾಗಿ ಬಂದು ಅಂಗಡಿಯ ಬಾಗಿಲಲ್ಲಿ ನಿಂತರು. "ಅದೇನೋ ಅದು, ತಟ್ಟೆನಾ ಕಂಬಳಿನಾ? ಮೂರು ವಾರ ಒಣಗೋಕೆ!" ಎಂದರು, ಅರ್ಧ ಬೀದಿಗೆ ಕೇಳುವ ಹಾಗೆ. ಭಾನುವಾರ ಬೆಳಿಗ್ಗೆ ಬರುವುದಾಗಿ ಅವರೇ ಗೊತ್ತುಮಾಡಿ ಹೋದರು.

"ಮಧ್ಯದಿಂದ ಹಾಕಿಬಿಡಿ. ಮೊದಲಿಂದು ಅಳಿಸಿಹೋಗಿದೆ ಅಂದ್ರಾಯ್ತು. ಅತ್ತಿಗೆ ಯಾಕೆ ನೋಯ್ಬೇಕು?" ಎಂದು ಹೆಂಡತಿ ದಾರಿ ತೋರಿಸಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದು ಪ್ರೀತಿಯ ಮಾತು. ಆದರೆ ತಟ್ಟೆಯಣ್ಣನದ್ದೊಂದು ಹಟವಿದೆ. ಹಿಂದೆ ಒಬ್ಬರು ತಮ್ಮ ಅಜ್ಜ ಹಾಡಿದ್ದ ತಟ್ಟೆ ತಂದು, ನಡುವೆ ಬೊಗಳುವ ನಾಯಿಯ ಸದ್ದು ತೆಗೆದುಕೊಡಿ ಎಂದಿದ್ದರು. ಇವರು ಒಪ್ಪಲಿಲ್ಲ. ಅಜ್ಜ ಹಾಡಿದ ದಿನ ನಾಯಿಯೂ ಅಲ್ಲಿತ್ತಲ್ಲ ಎಂದರು. "ನನ್ನ ಕೆಲ್ಸ ಧೂಳು ತೆಗೆಯೋದು. ಹಾಡು ತೆಗೆಯೋದಲ್ಲ. ಬೇರೆಯವ್ರಿಗೆ ಹೀಗಂದು, ಅಕ್ಕನಿಗೆ ಅರ್ಧ ಕೇಳಿಸಿದ್ರೆ ನಾನು ಎಂಥವನು?" ಶನಿವಾರವಿಡೀ ಅವರಿಗೆ ಅನ್ನ ಸೇರಲಿಲ್ಲ.

ಭಾನುವಾರ. ಹಾಲಿನ ಗಾಡಿಯ ಹಿಂದೆಯೇ ಅಕ್ಕ ಬರುತ್ತಾರೆ. ಒಳ್ಳೆಯ ಉಡುಪು ತೊಟ್ಟಿದ್ದಾರೆ, ತಲೆ ಬಾಚಿದ್ದಾರೆ. ತಟ್ಟೆಯಣ್ಣ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಶ್ರವಣಯಂತ್ರ ತೆಗೆಸಿ, ಕಿವಿಗೆ ಹೆಡ್‌ಫೋನು ಹಾಕುತ್ತಾರೆ. ಇನ್ನು ಹಾಡು ಕೇಳುವುದು ಅಕ್ಕನಿಗೆ ಮಾತ್ರ. ತಮ್ಮನಿಗೆ ಕಾಣುವುದು ಮುಳ್ಳು ಮತ್ತು ಅಕ್ಕನ ಮುಖ, ಎರಡೇ. ಒಂದು ಗಳಿಗೆ ಮುಳ್ಳು ಹಳೆಯ ಜಾಗದ ಮೇಲೆ, ಆ ಮೂರನೇ ಒಂದು ಪಾಲಿನ ಮೇಲೆ ತೂಗಾಡುತ್ತದೆ. ಆಮೇಲೆ ಅವರು ಕೈಯನ್ನು ಹೊರಕ್ಕೆ ತಂದು ಅಂಚಿನ ಮೇಲೆ ಇಳಿಸುತ್ತಾರೆ.

ಅಕ್ಕ ಹುಬ್ಬು ಗಂಟಿಕ್ಕುತ್ತಾರೆ. ಮುಳ್ಳು ಒಳಕ್ಕೆ ಸಾಗುತ್ತದೆ. ಹುಬ್ಬು ಮೇಲೇರುತ್ತದೆ. ಬಾಯಿ ಅರ್ಧ ತೆರೆಯುತ್ತದೆ. ಮುಳ್ಳು ಮನೆಯವರಿಗೆಲ್ಲ ಗೊತ್ತಿದ್ದ ಜಾಗಕ್ಕೆ ಬಂದಾಗ ಅಕ್ಕ ಥಟ್ಟನೆ ಗೋಡೆಯ ಕಡೆ ತಿರುಗಿಬಿಡುತ್ತಾರೆ. ಹೆಗಲು ಕುಲುಕತೊಡಗುತ್ತದೆ.

"ಅಕ್ಕಾ, ಬೇಡ, ನಿಲ್ಲಿಸ್ತೀನಿ," ಎಂದು ತಟ್ಟೆಯಣ್ಣ ಓಡಿ ಹೋಗಿ ಹೆಗಲು ಹಿಡಿದು ತಿರುಗಿಸುತ್ತಾರೆ. ಅಕ್ಕನ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿದೆ. ಆದರೆ ಅಕ್ಕ ನಗುತ್ತಿದ್ದಾರೆ. ಹೊಟ್ಟೆ ಹಿಡಿದುಕೊಂಡು, ಸದ್ದೇ ಹೊರಡದಷ್ಟು ನಗುತ್ತಿದ್ದಾರೆ.

ಉಸಿರು ಸಿಕ್ಕಿದ ಮೇಲೆ ತಮ್ಮನ ಕೈ ಹಿಡಿಯುತ್ತಾರೆ. ತನ್ನ ದನಿ ತನಗೆ ಕೇಳಿಸದ ಕಾರಣ ಕೂಗಿಯೇ ಹೇಳುತ್ತಾರೆ:

"ಲೋ, ಅಪ್ಪ ಅಳ್ತಾ ಇರ್ಲಿಲ್ಲ ಕಣೋ!"

ಪಾಳೆಯದಲ್ಲಿ ಸೌಟು ಹಿಡಿದಿದ್ದ ಅಪ್ಪ. ಇಡೀ ಹಾಡು ಕೇಳಿದ್ದ ಅಪ್ಪ. ಹೆಂಡತಿ ಮಕ್ಕಳು ಭಕ್ತಿಯಿಂದ ಕತ್ತೆಯನ್ನು ಕರೆಯುವಾಗ ಗೋಡೆಯ ಕಡೆ ತಿರುಗಿ, ಅವರ ಮನಸ್ಸು ನೋಯಬಾರದೆಂದು ನಗು ಅದುಮಿಟ್ಟುಕೊಂಡ ಅಪ್ಪ.

"ಜೀವಮಾನವಿಡೀ ಬಾಯಿ ಬಿಡಲಿಲ್ವಲ್ಲೋ ಆ ಮನುಷ್ಯ! ನಾನು ಮುರಿದಿದ್ದಕ್ಕೆ ಅಪ್ಪಂಗೆ ಎಷ್ಟು ಖುಷಿ ಸಿಕ್ತು ನೋಡು," ಎನ್ನುತ್ತಾ ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟು ವರ್ಷದ ಕೊರಗು ಆ ಮುಖದಲ್ಲಿ ಈಗ ಎಲ್ಲೂ ಇಲ್ಲ. "ಕಿವಿ ಇರೋವಷ್ಟು ದಿನ ದಿನಾ ಬರ್ತೀನಿ. ಇನ್ನೊಂದು ಸಲ ಹಾಕು. ಮೊದಲಿಂದ."

ಹೆಂಡತಿ ಚಹಾ ತಂದಿಟ್ಟು ತಾವೂ ಅಲ್ಲೇ ಕೂರುತ್ತಾರೆ. ತಟ್ಟೆಯಣ್ಣ ಮುಳ್ಳನ್ನು ಎತ್ತಿ ಹಿಡಿದು, ತಿರುವಿನ ಕಡೆ ಕಿವಿ ಕೊಟ್ಟು ನಿಲ್ಲುತ್ತಾರೆ. ಇಷ್ಟು ವರ್ಷ ದುಡಿದಿದ್ದೀರಿ, ಇನ್ನೇನಾದರೂ ಆಸೆ ಇದೆಯೇ ಎಂದರೆ, ಹೊರಗೆ ಬೆಳಕಾಗುತ್ತಿರುವ ಬೀದಿಯತ್ತ ಒಮ್ಮೆ ನೋಡುತ್ತಾರೆ.

"ಇವತ್ತೊಂದಿನ ಬಸ್ಸು ಸ್ವಲ್ಪ ತಡವಾಗಿ ಬಂದ್ರೆ ಸಾಕು."