ಕೆರೆಗೆ ಎಸೆದ ತಾಮ್ರ

ತಾಮ್ರ ಸಿಕ್ಕಿತ್ತು. ವಿರೂಪಾಕ್ಷ ಹೇಳಿದ್ದು ನಿಜ. ಅದನ್ನು ಕೆರೆಗೆ ಎಸೆದವನು ನಾನು. ಎಸೆದದ್ದಲ್ಲದೆ, ಅವನನ್ನು ಸುಳ್ಳುಗಾರನೆಂದು ನಕ್ಕವರ ಜೊತೆ ಎಷ್ಟೋ ವರ್ಷ ನಾನೂ ಸೇರಿ ನಕ್ಕೆ.

ಆ ಬೆಟ್ಟ ಹಿಮಾಲಯದ ಒಂದು ಮೂಲೆಯಲ್ಲಿದೆ, ಹೆಸರು ಬರೆಯುವುದಿಲ್ಲ. ಮೇಲೊಂದು ಕೆರೆ, ಕೆಳಗೊಂದು ಕೆರೆ. ದಡದಲ್ಲಿ ನೀರು ತಿಳಿ, ನಡುವೆ ಕಡುನೀಲಿ. ಎರಡರ ಮಧ್ಯದ ಇಳಿಜಾರಿನಲ್ಲಿ ಹಿಂದಿನವರು ತಾಮ್ರಕ್ಕಾಗಿ ಅಗೆದ ಬಿಲಗಳಿದ್ದವು. ಒಳಗೋಡೆಗೆ ಅವರ ದೀಪದ ಮಸಿ ಇನ್ನೂ ಅಂಟಿತ್ತು. ಅವರು ಬಿಟ್ಟುಹೋದದ್ದು ಇನ್ನೆಷ್ಟಿದೆ ಎಂದು ನೋಡಲು ಗಣಿಯ ಸಾಹೇಬರು ನಮ್ಮನ್ನು ಕಳಿಸಿದ್ದರು. ನಾವಿಬ್ಬರೂ ರಾಯಚೂರು ಕಡೆಯ ಚಿನ್ನದ ಗಣಿಯಲ್ಲಿ ಪಳಗಿದವರು. ವಿರೂಪಾಕ್ಷ ಕೊರೆಯುವವನು, ಯಂತ್ರ ನೆಲದಾಳದಿಂದ ಕೊರೆದು ಮೇಲೆತ್ತುವ ಕಲ್ಲಿನ ಕೋಲುಗಳನ್ನು ಮರದ ತಟ್ಟೆಗಳಲ್ಲಿ ಜೋಡಿಸಿ ಕಾಯುವವನು ನಾನು.

ಹಿಮ ಬೀಳುವ ಕಾಲಕ್ಕೆ ಸರಿಯಾಗಿ ಒಂದು ಕೋಲು ತಾಮ್ರದ ಅದಿರು ತುಂಬಿ ಹಳದಿಯಾಗಿ ಹೊಳೆಯುತ್ತ ಬಂತು. ವಿರೂಪಾಕ್ಷ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಕುಣಿದ. ಮರುದಿನ ಜ್ವರ ಬಂದು ಅವನನ್ನು ಕೆಳಗಿನ ಡೇರೆಗೆ ಇಳಿಸಿದರು. ತಾಮ್ರ ಸಿಕ್ಕಿತೆಂದರೆ ಚಳಿಗಾಲವೆಲ್ಲ ಅಲ್ಲೇ, ಇನ್ನಷ್ಟು ಕಡೆ ಕೊರೆಯುತ್ತ... ನನಗೆ ಊರಿಗೆ ಹೋಗಬೇಕಿತ್ತು. ಬೆರಳು ಸೆಟೆದಿದ್ದವು, ಬಿಸಿ ರೊಟ್ಟಿ ಬೇಕಿತ್ತು — ಅಷ್ಟೇ ಕಾರಣ. ಕೆರೆ ಉಳಿಸಲು ಹಾಗೆ ಮಾಡಿದೆ ಎಂದು ಹೇಳಿಕೊಳ್ಳುವ ಆಸೆ ಎಷ್ಟೋ ಸಲ ಆಗಿದೆ. ಅದು ಸುಳ್ಳು. ಹೊಳೆಯುವ ಕೋಲನ್ನು ಮೇಲಿನ ಕೆರೆಗೆ ಎಸೆದು, ಆ ಜಾಗಕ್ಕೆ ಬೇರೆ ಕುಳಿಯ ಬರಿಗಲ್ಲು ಇಟ್ಟೆ.

ಸಾಹೇಬರು ಬಂದು ನೋಡಿದರೆ ಏನೂ ಇಲ್ಲ. ವಿರೂಪಾಕ್ಷ ಆಣೆ ಮಾಡಿದ. ತಟ್ಟೆ ಕಾದವನನ್ನು ಕೇಳೋಣವೇ ಎಂದರೆ, ನನ್ನ ಗೆಳೆಯ ಅಂಥವನಲ್ಲ ಎಂದು ಅವನೇ ಅಡ್ಡ ಬಂದ. ಎತ್ತರದ ಗಾಳಿಗೆ ತಲೆ ಕೆಟ್ಟಿದೆ ಎಂದು ಅವನನ್ನು ಕೊರೆಯುವ ಕೆಲಸದಿಂದಲೇ ಬಿಡಿಸಿದರು. ಗಾಯದ ಮೇಲೆ ಬರೆ ಎಳೆದಂತೆ, ಅವನನ್ನು ತಾಮ್ರಪ್ಪ ಎಂದು ಮೊದಲು ಕರೆದವನು — ಅದೂ ನಾನೇ.

ತೊಂಬತ್ತರ ದಶಕದಲ್ಲಿ ಇಬ್ಬರೂ ಕತಾರಿಗೆ ಹೋದೆವು. ಅಲ್ ಖೋರ್‌ನ ಕ್ಯಾಂಪಿನಲ್ಲಿ ಒಂದೇ ಕೋಣೆ. ಅವನು ಪೈಪ್ ಹೊರುತ್ತಿದ್ದ. ಅಡ್ಡಹೆಸರನ್ನೂ ನಾನೇ ಅಲ್ಲಿಗೆ ಹೊತ್ತೊಯ್ದಿದ್ದೆ. ಒಂದು ಶುಕ್ರವಾರ ಊಟದ ಹೊತ್ತಿಗೆ, ಹೊಸದಾಗಿ ಸೇರಿದ್ದ ದಿಲ್‌ಬಹಾದೂರ್ ಎಂಬ ನೇಪಾಳಿ ಈ ಕಥೆ ಕೇಳಿ, ಅದು ತನ್ನ ಹಳ್ಳಿಯ ಮೇಲಿನ ಬೆಟ್ಟವೇ ಎಂದ. ಅಲ್ಲಿ ಏನೂ ಸಿಗದಿದ್ದದ್ದು ನಮ್ಮ ಪುಣ್ಯ, ಕೆಳಗಿನ ಕೆರೆಯ ನೀರೇ ನಾವು ಕುಡಿಯುವುದು ಎಂದು ಹಿಂದಿಯಲ್ಲಿ ಹೇಳಿದ. ಕೋಣೆಯಲ್ಲಿ ನಗು ಎದ್ದಿತು.

"ನೋಡಲೇ ತಾಮ್ರಪ್ಪ, ಆ ಊರಾವನ ಹೇಳಾಕತ್ತಾನ," ಎಂದ ನಮ್ಮ ಕಡೆಯವನೊಬ್ಬ.

ವಿರೂಪಾಕ್ಷ ತಲೆಯೆತ್ತದೆ ಅನ್ನ ಕಲಸುತ್ತಲೇ ಇದ್ದ. ವಾದಿಸುವುದನ್ನೂ ಬಿಟ್ಟಿದ್ದ — ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಇತ್ತು," ಎಂದೆ. "ನಾನ ಕೆರಿಗೆ ಒಗದೀನಿ."

ಹೊಡೆಯುತ್ತಾನೆ ಎಂದುಕೊಂಡೆ. ಅವನು ಎದ್ದು ಹೋಗಿ, ಕೈ ತೊಳೆದು ಬಂದು, ಒಂದೇ ಮಾತು ಕೇಳಿದ. "ಹೊಳಿತಿತ್ತಲ್ಲ?"

"ಹೊಳಿತಿತ್ತು."

ಅಂಥ ಗೆಲುವನ್ನು ನಾನು ಮತ್ತಾರ ಮುಖದಲ್ಲೂ ಕಂಡಿಲ್ಲ. "ಯಲ್ಲಾ, ಏಳ್ರಿ ಎಲ್ಲಾರೂ" ಎಂದು ಅರಬರ ಧಾಟಿಯಲ್ಲಿ ಅವಸರಿಸಿದವನೇ ಪೇಟೆಗೆ ಹೋಗಿ ಜಿಲೇಬಿ ತಂದ. ಮಲಯಾಳಿಗಳ ಕೋಣೆ, ಪಠಾಣರ ಕೋಣೆ, ಗೇಟಿನ ಕಾವಲುಗಾರ — ಯಾರನ್ನೂ ಬಿಡಲಿಲ್ಲ. ಏನು ವಿಶೇಷ ಎಂದವರಿಗೆಲ್ಲ ತಾನು ಕಂಡದ್ದು ನಿಜವಾಗಿತ್ತು ಎಂದು ಎದೆ ತಟ್ಟಿ ಹೇಳಿದ. ನನಗೂ ಸಂತೋಷ ಉಕ್ಕಿ ಬಂತು, ನಾಚಿಕೆಯಿಲ್ಲದ ಸಂತೋಷ.

ಹಳೆಯ ಸಾಹೇಬರಿಗೆ ತಿಳಿಸು, ಹೋದ ಮಾನ ತಿರುಗಿ ಬಂದೀತು ಎಂದು ಯಾರೋ ಹಿಂದಿಯಲ್ಲಿ ಅಂದರು. ದಿಲ್‌ಬಹಾದೂರ್ ಜಿಲೇಬಿಯನ್ನು ಬಾಯಿಗಿಡದೆ ಹಾಗೇ ನಿಂತುಬಿಟ್ಟ. ವಿರೂಪಾಕ್ಷ ಅವನನ್ನೇ ಸ್ವಲ್ಪ ಹೊತ್ತು ನೋಡಿದ.

"ಬ್ಯಾಡ. ನನಗ ಗೊತ್ತಾತಲ್ಲ, ಖಲಾಸ್. ಆ ಬೆಟ್ಟದ ಹೆಸರು ಯಾರೂ ತೆಗಿಬ್ಯಾಡ್ರಿ."

ಆಮೇಲೆ ನನ್ನ ಕೈಗೂ ಒಂದು ಜಿಲೇಬಿ ಇಟ್ಟ. ಯಾಕೆ ಎಸೆದೆ ಎಂದು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಕೇಳಿದ್ದರೆ ಬಿಸಿ ರೊಟ್ಟಿಗಾಗಿ ಎನ್ನಬೇಕಿತ್ತು.

ಅಂದಿನಿಂದ ಕ್ಯಾಂಪಿಗೆ ಕ್ಯಾಂಪೇ ಅವನನ್ನು ತಾಮ್ರಪ್ಪ ಎಂದು ಕೂಗಿತು. ಅವನು ಎದೆಯುಬ್ಬಿಸಿ ಓಗೊಡುತ್ತಿದ್ದ. ನಾನೊಬ್ಬ ಮಾತ್ರ ಇಂದಿಗೂ ವಿರೂಪಾಕ್ಷ ಎಂದೇ ಕರೆಯುತ್ತೇನೆ. ಅಣಕಿಸಲೆಂದು ಆ ಹೆಸರಿಟ್ಟವನು ನಾನು. ಅದೇ ಹೆಸರಿನಿಂದ ಹೊಗಳುವ ಹಕ್ಕು ನನಗಿಲ್ಲ.