ಮಗಳು ಮಣ್ಣಲ್ಲಿ ಮಾಡಿದ ಟಹೀಟಿ

ಕಾರಣವಿಲ್ಲದೆ ಏನೋ ಘಟಿಸಿತು ಎಂದು ಯಾರಾದರೂ ಹೇಳಿದರೆ ನನಗೆ ಮೊದಲಿನಿಂದಲೂ ನಗು ಬರುತ್ತಿತ್ತು. ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು ನಾನು. ಅಳತೆಯಿಲ್ಲದ ಗೆರೆಯನ್ನು ನಂಬಿದವನಲ್ಲ. ಆದರೂ ಬರೋಡಾದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ಅರವತ್ತರ ದಶಕದ ನಡುವೆ ಧಾರವಾಡದ ಕಡೆಯಿಂದ ವರ್ಗವಾಗಿ ಅಲ್ಲಿಗೆ ಹೋಗಿದ್ದೆವು. ಮಗಳು ವಸುಧೆಗೆ ಆಗ ಹತ್ತು ವರ್ಷ. ಶಾಲೆಯ ಪ್ರದರ್ಶನಕ್ಕೆ ಅವಳು ಮಾಡಬೇಕಾಗಿದ್ದುದು ಟಹೀಟಿ ದ್ವೀಪ. ಪಾಠದಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: ಪೆಸಿಫಿಕ್ ಸಾಗರದ ನಡುವಿನ ಈ ದ್ವೀಪ ಜ್ವಾಲಾಮುಖಿಯಿಂದ ಹುಟ್ಟಿದ್ದು. ನಕ್ಷೆಯಲ್ಲಿ ಸಾಸಿವೆಯಷ್ಟು ಚುಕ್ಕೆ.

ಹುಡುಗಿ ಹಲಗೆಯ ಮೇಲೆ ಕರಿಮಣ್ಣಿನ ದೊಡ್ಡ ಗುಡ್ಡ ಮಾಡಿದಳು. ಅದರ ಆಗ್ನೇಯಕ್ಕೆ ಇನ್ನೊಂದು ಸಣ್ಣದು. ನಡುವೆ ಕಿರಿದಾದ ನೆಲದ ಪಟ್ಟಿ. ದೊಡ್ಡ ಗುಡ್ಡದ ನೆತ್ತಿಯ ಕುಳಿಯಿಂದ ಉತ್ತರದ ಕಡಲಿನವರೆಗೆ ಹೆಬ್ಬೆರಳಿನಿಂದ ಆಳವಾಗಿ ಒಂದು ಕಣಿವೆ ಎಳೆದಳು.

ಶಾಲೆಯ ಬೇನ್, ಅಲ್ಲಿ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು, ಒಪ್ಪಲಿಲ್ಲ. ನಕ್ಷೆಯಲ್ಲಿರುವುದು ಒಂದೇ ಚುಕ್ಕೆ, ಎರಡು ಗುಡ್ಡ ಬರೀ ಕಲ್ಪನೆ, ಸರಿಮಾಡದಿದ್ದರೆ ಪ್ರದರ್ಶನದ ಮೇಜಿನ ಮೇಲೆ ಜಾಗವಿಲ್ಲ ಎಂದರು. ನನಗೂ ಹಾಗೇ ಅನಿಸಿತ್ತು.

“ಹಟ ಮಾಡಬ್ಯಾಡ. ಸಣ್ಣದು ತಗದುಬಿಡ್ತೀನಿ” ಎಂದು ಕೈ ಹಾಕಿದೆ.

ಅವಳು ಎರಡೂ ಅಂಗೈಗಳಿಂದ ಅದನ್ನು ಮುಚ್ಚಿಕೊಂಡಳು. “ತಗದ್ರ ಇದು ಟಹೀಟಿನ ಅಲ್ಲಪ್ಪಾ. ಅಲ್ಲಿ ಎರಡ ಅದಾವ.”

ಪ್ರದರ್ಶನದ ದಿನ ಹಲಗೆಯನ್ನು ಬಾಗಿಲ ಬಳಿ ನೆಲದ ಮೇಲಿಟ್ಟುಕೊಂಡು ಒಬ್ಬಳೇ ನಿಂತಿದ್ದಳು. ಮುಖ್ಯ ಅತಿಥಿಯಾಗಿ ಬಂದವರು ಭೂವಿಜ್ಞಾನದ ಹಿರಿಯ ಪ್ರಾಧ್ಯಾಪಕರು. ಒಳಗೆ ಹೊರಟವರು ನಿಂತರು. ಧೋತರ ಸರಿಪಡಿಸಿಕೊಂಡು ಅವಳೆದುರು ಕುಕ್ಕರುಗಾಲಲ್ಲಿ ಕೂತರು. “ದೀಕರೀ, ಮಗಳೇ, ಇದನ್ನು ಯಾರು ಹೇಳಿಕೊಟ್ಟರು?” ಎಂದು ಗುಜರಾತಿಯಲ್ಲಿ ಕೇಳಿದರು. ಯಾರೂ ಇಲ್ಲವೆಂದು ಅವಳು ತಲೆಯಾಡಿಸಿದಳು.

ಅವರು ಕೂಡಲೇ ತಮ್ಮ ಮನೆಯಿಂದ ಒಂದು ದೊಡ್ಡ ನಕ್ಷೆ ತರಿಸಿ ಹರಡಿದರು. ಅದೇ ದ್ವೀಪ! ಬೇರೆ ಬೇರೆ ಕಾಲದಲ್ಲಿ ಕಡಲಿನಿಂದ ಎದ್ದ ಎರಡು ಜ್ವಾಲಾಮುಖಿಗಳು, ಅವನ್ನು ಜೋಡಿಸಿದ ಇಕ್ಕಟ್ಟಾದ ನೆಲ, ಹಳೆಯ ಕುಳಿಯ ಗೋಡೆಯನ್ನು ಕೊರೆದು ಉತ್ತರಕ್ಕೆ ಇಳಿಯುವ ಹೊಳೆ. ಬೇನ್ ತಾವೇ ಹಲಗೆಯನ್ನೆತ್ತಿ ನಡುಮೇಜಿನ ಮೇಲಿಟ್ಟರು.

“ಈ ಹುಡುಗಿಯ ತಂದೆ ಎಲ್ಲಿ?” ಎಂದರು ಪ್ರಾಧ್ಯಾಪಕರು. ಅಷ್ಟು ಜನರ ನಡುವೆ ಕೈ ಎತ್ತಿದೆ. ಅಂಥ ಹೆಮ್ಮೆ ಮತ್ತೆ ನನ್ನ ಪಾಲಿಗೆ ಬಂದಿಲ್ಲ.

ಅಂಥ ನಕ್ಷೆ ಶಾಲೆಯಲ್ಲಿರಲಿಲ್ಲ, ನಮ್ಮ ಮನೆಯಲ್ಲಂತೂ ಇರಲಿಲ್ಲ; ಎಲ್ಲ ಕಡೆ ವಿಚಾರಿಸಿದ್ದೇನೆ. ಅವಳನ್ನೇ ಎಷ್ಟೋ ಸಲ ಕೇಳಿದ್ದೇನೆ. ಈಗಲೂ ನಗುತ್ತಾಳೆ: “ನನಗರ ಏನ್ ಗೊತ್ತಪ್ಪಾ? ಅದು ಹಂಗ ಇತ್ತು, ಮಾಡಿದೆ.”